ಕಾಡುಬೆಟ್ಟದಲ್ಲಿ ಗಾಡಿಗಳಿಲ್ಲದ ದಾರಿಯನ್ನು ನಾನು ಹುಡುಕುವ ರೀತಿ

ಬೆಟ್ಟದ ಕಾಡಿನಲ್ಲಿ ಸೈಕಲ್ ಪ್ರವಾಸ ಹೋಗಬೇಕು ಅನ್ನುವವರು ಮೊದಲು ಕೇಳುವುದು ಏರಿನ ಬಗ್ಗೆ. ಎಷ್ಟು ಕಡಿದು, ಎಷ್ಟು ಉದ್ದ, ಹತ್ತಲು ಆಗುತ್ತದಾ ಅಂತ. ನಾನು ಮೊದಲು ನೋಡುವುದು ಗಾಡಿಗಳನ್ನು. ಏರು ಎಂಥದ್ದಾದರೂ ಚಿಕ್ಕ ಗೇರಿಗೆ ಹಾಕಿ ನಿಧಾನ ಹತ್ತಬಹುದು, ಸಾಕಾದರೆ ಇಳಿದು ತಳ್ಳಬಹುದು. ಆದರೆ ದಿನವಿಡೀ ಮೊಣಕೈ ಪಕ್ಕದಲ್ಲೇ ಲಾರಿ ಹಾದುಹೋಗುತ್ತಿದ್ದರೆ ಕಾಡು ಎಷ್ಟು ಚೆನ್ನಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಗಮನವೆಲ್ಲ ಬೆನ್ನ ಹಿಂದಿನ ಸದ್ದಿನ ಮೇಲೇ ಇರುತ್ತದೆ.

ರಸ್ತೆ ಸುಮ್ನೆ ಖಾಲಿ ಇರುವುದಿಲ್ಲ. ಖಾಲಿ ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ. ನಾನು ಮ್ಯಾಪ್ ಮುಂದೆ ಕೂತಾಗ ಚೆಂದದ ರಸ್ತೆ ಯಾವುದು ಅಂತ ಹುಡುಕುವುದಿಲ್ಲ. ಬೇರೆಯವರಿಗೆ ಬೇಡವಾದ ರಸ್ತೆ ಯಾವುದು, ಯಾಕೆ ಬೇಡವಾಯಿತು ಅಂತ ಹುಡುಕುತ್ತೇನೆ.

ಕಾರಣಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸುರಂಗ. ಬೆಟ್ಟದೊಳಗೆ ಸುರಂಗ ಕೊರೆದ ಮೇಲೆ ಲಾರಿ, ಬಸ್ಸು ಎಲ್ಲ ಅದರಲ್ಲೇ ನುಗ್ಗುತ್ತವೆ, ಮೇಲಿನ ಹಳೇ ಘಟ್ಟದ ರಸ್ತೆಗೆ ಬಿಡುವು ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಘಟ್ಟದ ಕೆಳಗೆ 1980ರಲ್ಲಿ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗ ತೆರೆಯಿತು. ಸೈಕಲ್ ಅದರೊಳಗೆ ಬಿಡುವುದಿಲ್ಲ. ಆದರೆ ಘಟ್ಟದ ದಕ್ಷಿಣದ ಮಗ್ಗುಲಲ್ಲಿ ಕಲ್ಲು ಹಾಸಿದ ಹಳೇ ಟ್ರೆಮೋಲಾ ರಸ್ತೆ ಇನ್ನೂ ಹಾಗೇ ಇದೆ, ತಿರುವಿನ ಮೇಲೆ ತಿರುವು, ಸೈಕಲ್‌ನವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಷ್ಟು ಹೆಸರಾದ ಘಟ್ಟವೇ ಆಗಬೇಕಿಲ್ಲ. ಮ್ಯಾಪಿನಲ್ಲಿ ಹೆದ್ದಾರಿ ಬೆಟ್ಟದ ಬುಡದಲ್ಲಿ ಚುಕ್ಕೆಗೆರೆಯಾದ ಕಡೆಯೆಲ್ಲ, ಅದರ ಮೇಲೆ ಸುತ್ತಿ ಬಳಸಿ ಹೋಗುವ ಒಂದು ತೆಳು ಗೆರೆ ಇದೆಯಾ ಅಂತ ನೋಡುವುದು ನನಗೆ ಅಭ್ಯಾಸವಾಗಿದೆ.

ಎರಡನೆಯ ಕಾರಣ ಇದಕ್ಕಿಂತ ಬೆಲೆಯುಳ್ಳದ್ದು, ಆದರೆ ಮ್ಯಾಪಿನಲ್ಲಿ ಥಟ್ಟನೆ ಕಾಣುವುದಿಲ್ಲ. ಒಂದು ಬೆಟ್ಟದ ಸಾಲಿನ ಎರಡೂ ಕಡೆ ಕಣಿವೆಗಳಿರುತ್ತವೆ. ಎರಡೂ ಕಣಿವೆಗಳಲ್ಲಿ ಡಾಂಬರು ರಸ್ತೆ ಮೇಲೆ ಬಂದು ಕೊನೆಯ ಮನೆ ಹತ್ತಿರ ಮುಗಿದುಹೋಗುತ್ತದೆ. ನಡುವೆ 3–4 ಕಿಲೋಮೀಟರ್ ಕಾಡುದಾರಿ, ಕಾರು ಹೋಗುವಂಥದ್ದಲ್ಲ. ಕಾರಿನವರಿಗೆ ದಾರಿ ಅಲ್ಲಿಗೆ ಮುಗಿಯಿತು. ನಮಗೆ ಮುಗಿಯಲಿಲ್ಲ, ಅಲ್ವಾ? ಆ ತುಂಡನ್ನು ಪೂರ್ತಿ ತಳ್ಳಿಕೊಂಡೇ ದಾಟಿದರೂ ನನಗೆ ಲಾಭ ಅನಿಸುತ್ತದೆ, ಯಾಕೆಂದರೆ ಆ ತುಂಡು ಹಾಗಿರುವುದರಿಂದಲೇ ಅದರ ಎರಡೂ ಬದಿಯ ಅಷ್ಟುದ್ದದ ಒಳ್ಳೆಯ ರಸ್ತೆಯಲ್ಲಿ ಅಲ್ಲಿನ ಮನೆಯವರ ಗಾಡಿ ಬಿಟ್ಟರೆ ಬೇರೆ ಯಾರೂ ಬರುವುದಿಲ್ಲ. ಗೇಟು ಇದ್ದರೆ ಸೈಕಲ್‌ಗೆ ಬಿಡುತ್ತಾರಾ, ಅನುಮತಿ ಬೇಕಾ ಅನ್ನುವುದನ್ನು ಮಾತ್ರ ಹೊರಡುವ ಮುಂಚೆ ವಿಚಾರಿಸಿಕೊಳ್ಳುತ್ತೇನೆ. ಕೆಲವು ಕಾಡುಗಳಲ್ಲಿ ಒಳಗೆ ಹೋಗುವುದಕ್ಕೇ ಬಿಡುವುದಿಲ್ಲ, ಕೆಲವು ಕಡೆ ಒಂದೊಂದು ಕಾಲದಲ್ಲಿ ಮಾತ್ರ ಮುಚ್ಚಿರುತ್ತಾರೆ.

ಮರ ಸಾಗಿಸಲು ಮಾಡಿದ ಕಾಡಿನ ರಸ್ತೆಗಳೂ ಒಳ್ಳೆಯವು. ಮರ ತುಂಬಿದ ಲಾರಿ ಹತ್ತಿ ಇಳಿಯಬೇಕಲ್ಲ, ಹಾಗಾಗಿ ಸಾಮಾನ್ಯವಾಗಿ ವಿಪರೀತ ಕಡಿದಾಗಿರುವುದಿಲ್ಲ, ಮಳೆನೀರು ಹೋಗಲು ಮೋರಿ ಇರುತ್ತದೆ, ಜಲ್ಲಿ ಹಾಕಿರುತ್ತಾರೆ. ಕೆಲಸ ನಡೆಯುವ ದಿನಗಳಲ್ಲಿ ಲಾರಿ ಬರಬಹುದು. ಅದಕ್ಕೇ ಅಂಥ ದಾರಿಯನ್ನು ರಜಾ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ನೋಡಲು ಚೆಂದ ಅಂತ ಹೆಸರಾದ ಡಾಂಬರು ರಸ್ತೆಗಳದ್ದು ಇದರ ಉಲ್ಟಾ. ರಜೆಯಲ್ಲಿ ಕಾರು, ಬೈಕು ಕಿಕ್ಕಿರಿಯುತ್ತವೆ, ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ಅದೇ ರಸ್ತೆ ಖಾಲಿ. ಇನ್ನು ಹಳಿ ಕಿತ್ತುಹಾಕಿದ ಹಳೇ ರೈಲು ದಾರಿ ಸಿಕ್ಕರೆ ಬಿಡಲೇಬೇಡಿ. ಮಾಮೂಲಿ ರೈಲಿಗೆ ಕಡಿದು ಏರು ಹತ್ತಲಾಗದು, ಸಾಮಾನ್ಯವಾಗಿ 100 ಮೀಟರಿಗೆ 2–3 ಮೀಟರ್ ಏರಿದರೆ ಹೆಚ್ಚು. ಸಾಮಾನು ತುಂಬಿದ ಸೈಕಲ್‌ಗೆ ಅದಕ್ಕಿಂತ ಸುಖ ಇಲ್ಲ. ಸುರಂಗಗಳಿರಬಹುದು, ಒಳಗೆ ಕತ್ತಲೆ ಮತ್ತು ಒದ್ದೆ, ಲೈಟು ಕೈಗೆ ಸಿಗುವಂತಿರಲಿ.

ಹುಡುಕಲು ನಾನು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದದ್ದು, ಜನರೇ ತುಂಬಿಸಿದ ಮ್ಯಾಪ್. ಅದರಲ್ಲಿ ರಸ್ತೆಗಳಿಗೆ ದರ್ಜೆ ಇದೆ: ದೊಡ್ಡದರಿಂದ ಚಿಕ್ಕದಕ್ಕೆ ಪ್ರೈಮರಿ, ಸೆಕೆಂಡರಿ, ಟರ್ಷಿಯರಿ, ಅದರ ಕೆಳಗೆ ಅನ್‌ಕ್ಲಾಸಿಫೈಡ್ ಅಂದರೆ ಸಣ್ಣ ಊರ ರಸ್ತೆ, ಪಕ್ಕಕ್ಕೆ ಟ್ರ್ಯಾಕ್ ಅಂದರೆ ಕಾಡು, ಹೊಲಗಳ ಗಾಡಿದಾರಿ. ನನ್ನ ದಿನದ ಬಹುಪಾಲು ಅನ್‌ಕ್ಲಾಸಿಫೈಡ್ ಮತ್ತು ಟ್ರ್ಯಾಕ್‌ಗಳಲ್ಲೇ ಕಳೆಯುತ್ತದೆ. ಟ್ರ್ಯಾಕ್‌ಗಳಿಗೆ ಗ್ರೇಡ್ 1ರಿಂದ 5ರವರೆಗೆ ಗುರುತು ಹಾಕಿರುತ್ತಾರೆ, 1 ಅಂದರೆ ಗಟ್ಟಿ, 5 ಅಂದರೆ ಬರೀ ಮೆತ್ತನೆಯ ಮಣ್ಣು, ಹುಲ್ಲು. 3ರ ತನಕ ಅಗಲ ಟೈರಿನಲ್ಲಿ ಚೆನ್ನಾಗಿಯೇ ಹೋಗಬಹುದು, 4 ಮತ್ತು 5 ಮಳೆಯಾದರೆ ನಾನು ಮುಟ್ಟುವುದಿಲ್ಲ. ಆಮೇಲೆ ಉಪಗ್ರಹದ ಚಿತ್ರ ತೆರೆದು ನೋಡುತ್ತೇನೆ. ರಸ್ತೆ ನಡುವೆ ಬಿಳಿ ಗೆರೆ ಕಂಡರೆ ಅದು ಎರಡು ಗಾಡಿ ಎದುರುಬದುರಾಗುವ ರಸ್ತೆ, ಓಡಾಟ ಜಾಸ್ತಿ ಇರುತ್ತದೆ. ಮರಗಳ ತಲೆ ಒಂದಕ್ಕೊಂದು ಸೇರಿ ರಸ್ತೆಯೇ ಮುಚ್ಚಿಹೋಗಿದ್ದರೆ ಅಂಥದ್ದನ್ನು ಕೂಡಲೇ ಗುರುತು ಹಾಕಿಕೊಳ್ಳುತ್ತೇನೆ.

ಆ್ಯಪ್ ಹೇಳುವ ಏರಿನ ಲೆಕ್ಕವನ್ನು ಕಾಡುಬೆಟ್ಟದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಎತ್ತರದ ಮಾಹಿತಿ ಬಹಳ ಕಡೆ 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲದ ತನಕ ಪೂರ್ತಿ ಇಳಿಯದೆ ಮರದ ತಲೆಯ ಕಡೆಗಿನ ಎತ್ತರವನ್ನೇ ನೆಲ ಅಂತ ಹೇಳಿಬಿಡುತ್ತದೆ. ಅಳತೆಯ ಚೌಕವೂ 30 ಅಥವಾ 90 ಮೀಟರ್ ಅಗಲ. ಬೆಟ್ಟದ ಪಕ್ಕೆ ಕೊರೆದು ಮಾಡಿದ ರಸ್ತೆ ಮಟ್ಟಸವಾಗಿಯೇ ಹೋಗುತ್ತಿದ್ದರೂ ಲೆಕ್ಕದಲ್ಲಿ ಒಮ್ಮೆ ಮೇಲಿನ ಚೌಕ, ಒಮ್ಮೆ ಕೆಳಗಿನ ಚೌಕ ಸಿಕ್ಕಿ ಇಲ್ಲದ ಏರಿಳಿತ ಸೇರಿಕೊಳ್ಳುತ್ತದೆ. ಹಾಗಾಗಿ ನಾನು ಸಮ ಎತ್ತರದ ಗೆರೆಗಳನ್ನೇ ಎಣಿಸುತ್ತೇನೆ. ಗೆರೆಗೆ 20 ಮೀಟರ್ ಅಂತರ ಇದ್ದರೆ, ರಸ್ತೆ 10 ಗೆರೆ ದಾಟಿದರೆ 200 ಮೀಟರ್ ಏರು. ರಸ್ತೆ ಗೆರೆಯ ಜೊತೆಜೊತೆಗೇ ಹೋಗುತ್ತಿದ್ದರೆ ಮಟ್ಟಸ. ಹಳೇ ಪದ್ಧತಿ, ಆದರೆ ಇಲ್ಲಿ ಅದೇ ಗಟ್ಟಿ.

ವೇಗದ ಲೆಕ್ಕವೂ ಹೀಗೇ ಕೈಯಲ್ಲೇ ಹಾಕುತ್ತೇನೆ. ನಾನು, ಸೈಕಲ್, ಸಾಮಾನು ಸೇರಿ ಸುಮಾರು 100 ಕೆಜಿ ಅಂತಿಟ್ಟುಕೊಂಡರೆ, ಗಂಟೆಗೆ 400 ಮೀಟರ್ ಮೇಲೇರಲು ಬರೀ ಭಾರ ಎತ್ತುವುದಕ್ಕೇ 110 ವಾಟ್‌ನಷ್ಟು ಶಕ್ತಿ ಬೇಕು. ದಿನವಿಡೀ ತುಳಿಯಲು ನನಗೆ ಅಷ್ಟು ಸಾಕು. ಅಂದರೆ 1,200 ಮೀಟರ್ ಏರಿರುವ ದಿನ ಬರೀ ಹತ್ತುವುದಕ್ಕೇ 3 ಗಂಟೆ, ದೂರ ಎಷ್ಟೇ ಇರಲಿ. ಗೇರಿನ ವಿಷಯದಲ್ಲಿ ಜಿಪುಣತನ ಬೇಡ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 22 ಹಲ್ಲು, ಹಿಂದಿನದಕ್ಕೆ 36 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.3 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ, ಮಂಡಿ ನೋಯುವುದಿಲ್ಲ. ಆ ವೇಗದಲ್ಲಿ ಹೋಗುವಾಗ ಎಲೆ ಮೇಲಿನ ಹುಳ ಕೂಡ ಕಾಣುತ್ತದೆ.

ಇಳಿಯುವಾಗ ಮಾತ್ರ ಖಾಲಿ ರಸ್ತೆಯ ಬಗ್ಗೆ ಹುಷಾರಾಗಿರಬೇಕು. ಗಾಡಿ ಓಡಾಡದ ರಸ್ತೆಯಲ್ಲಿ ಎಲೆ, ಪಾಚಿ, ಬಿದ್ದ ಕೊಂಬೆ, ಜಲ್ಲಿ ಎಲ್ಲ ಹಾಗೇ ಇರುತ್ತದೆ. ಬಿಸಿಲು ಬೀಳದ ಮಗ್ಗುಲು ಮಧ್ಯಾಹ್ನವೂ ಒದ್ದೆ. ತಿರುವಿನಾಚೆ ಪ್ರಾಣಿ ನಿಂತಿರಬಹುದು. ನಾನು ತಿರುವಿಗೆ ಮುಂಚೆಯೇ ಬೆಲ್ ಹೊಡೆಯುತ್ತೇನೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಕಾಡಿನೊಳಗೆ ಇರುವುದಿಲ್ಲ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ಬಿಸಿಯೇರುತ್ತದೆ. ಚಕ್ರದ ಅಂಚನ್ನೇ (ರಿಮ್) ಒತ್ತಿ ಹಿಡಿಯುವ ರಿಮ್ ಬ್ರೇಕ್ ಆದರೆ ರಿಮ್ಮು ಕಾದು ಟೈರೇ ಸಿಡಿಯಬಹುದು. ಗಟ್ಟಿಯಾಗಿ ಹಿಡಿದು ಬಿಡಬೇಕು, ಮತ್ತೆ ಹಿಡಿದು ಬಿಡಬೇಕು, ನಡುನಡುವೆ ನಿಂತು ಆರಲು ಬಿಡಬೇಕು. ನೆತ್ತಿಯಲ್ಲೇ ಜಾಕೆಟ್ ಹಾಕಿಕೊಳ್ಳಿ. 1,000 ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ, ಅದರ ಮೇಲೆ ಬೆವರಿದ ಮೈಗೆ ಗಾಳಿ.

ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಒಂದು ನಿಮಿಷ ಚೆನ್ನಾಗಿ ಕುದಿಸಿ ಕುಡಿಯುತ್ತೇನೆ, 2,000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ.

ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಖಾಲಿ ರಸ್ತೆ ಅಂದರೆ ಏನಾದರೂ ಆದಾಗ ನಿಲ್ಲಿಸಿ ಕೇಳುವವರೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಅದಕ್ಕೆ ಪ್ರತಿ ದಿನದ ದಾರಿಯಲ್ಲೂ ಅರ್ಧಕ್ಕೆ ಮೊದಲು ಒಂದು, ಆಮೇಲೆ ಒಂದು, ಕಣಿವೆಗೆ ನೇರ ಇಳಿಯುವ ರಸ್ತೆ ಗುರುತು ಮಾಡಿ ಆಫ್‌ಲೈನ್ ಮ್ಯಾಪಿನಲ್ಲಿ ಇಟ್ಟುಕೊಳ್ಳುತ್ತೇನೆ, ಅದೇ ಗುರುತುಗಳನ್ನು ಮನೆಯವರಿಗೂ ಕಳಿಸಿರುತ್ತೇನೆ. ಆ ಎರಡನೆಯ ಇಳಿಜಾರಿಗೆ ಮಧ್ಯಾಹ್ನ 3ರೊಳಗೆ ತಲುಪದಿದ್ದರೆ ಮುಂದೆ ಹೋಗುವುದಿಲ್ಲ, ಅಲ್ಲೇ ಕೆಳಗಿಳಿಯುತ್ತೇನೆ. ಕಣಿವೆಗಳಲ್ಲಿ ಸೂರ್ಯ ಬೆಟ್ಟದ ಹಿಂದೆ ಬೇಗ ಸರಿಯುತ್ತಾನೆ, ಮರಗಳ ಕೆಳಗೆ ಕತ್ತಲು ಅದಕ್ಕಿಂತ ಬೇಗ.