ಒತ್ತಿದ್ದು ಈಗ, ಜಿಗಿದದ್ದು ಆಮೇಲೆ: ಮನೆಯಲ್ಲೇ ಕಟ್ಟಿದ ಆರ್ಕೇಡ್ ಮಷಿನ್ ತಡಮಾಡುತ್ತಿದ್ದರೆ ಹೀಗೆ ಹುಡುಕಿ

ಪ್ಲೈವುಡ್ ಪೆಟ್ಟಿಗೆ, ಒಂದು ಟಿವಿ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಆನ್‌ಲೈನ್‌ನಲ್ಲಿ ತರಿಸಿದ ಬಟನ್ ಕಿಟ್. ಇಷ್ಟಿದ್ದರೆ ಆರ್ಕೇಡ್ ಮಷಿನ್ ಎದ್ದು ನಿಲ್ಲುತ್ತದೆ. ಆಮೇಲೆ ಬರುವ ತಕರಾರು ಹೆಚ್ಚುಕಡಿಮೆ ಒಂದೇ: ಬಟನ್ ಒತ್ತಿದ ಕೂಡಲೇ ಆಟದ ಗೊಂಬೆ ಜಿಗಿಯುವುದಿಲ್ಲ. ಆಗ ಬಹಳ ಜನ ದುಬಾರಿ ಬಟನ್ ತರಿಸಿ ಎಲ್ಲವನ್ನೂ ಬದಲಿಸುತ್ತಾರೆ. ದುಡ್ಡು ಖರ್ಚಾಗುತ್ತದೆ, ತಡ ಹಾಗೇ ಉಳಿಯುತ್ತದೆ. ಸರಿಯಿರುವ ಬಟನ್ ತಿನ್ನುವ ಸಮಯ ತೀರಾ ಕಡಿಮೆ. ಹೆಚ್ಚು ಸಮಯ ನುಂಗುವುದು ಸಾಮಾನ್ಯವಾಗಿ ಟಿವಿ.

ನೂರು ಮಿಲಿಸೆಕೆಂಡು ಕಿವಿಗೆ, ಕೈಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ವಿಜಯಪುರದಲ್ಲೇ ಪರೀಕ್ಷಿಸಬಹುದು. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಆ ಸದ್ದು ನೇರ ಎದುರಿನ ಗೋಡೆ ಮುಟ್ಟಲು ಸುಮಾರು 110 ಮಿಲಿಸೆಕೆಂಡು ಬೇಕು. ಸೆಟ್ಟಿಂಗ್ ಮುಟ್ಟದೆ ಬಿಟ್ಟ ಎಷ್ಟೋ ಟಿವಿಗಳು ಚಿತ್ರವನ್ನು ಇಷ್ಟೇ ಹೊತ್ತು ಹಿಡಿದಿಟ್ಟುಕೊಂಡು ತೋರಿಸುತ್ತವೆ. ಹಳೆಯ ಆರ್ಕೇಡ್ ಆಟಗಳು ಸೆಕೆಂಡಿಗೆ ಸುಮಾರು 60 ಫ್ರೇಮ್ ಓಡುತ್ತವೆ, ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡು. ಅಂದರೆ ನೀವು ಆರೂವರೆ ಫ್ರೇಮ್ ಹಳೆಯ ಚಿತ್ರ ನೋಡಿಕೊಂಡು ಆಡುತ್ತಿರುತ್ತೀರಿ. ಎದುರಾಳಿಯ ಏಟು ತಪ್ಪಿಸಿಕೊಳ್ಳಲು ಅಷ್ಟು ಸಮಯ ಸಿಗುವುದಿಲ್ಲ.

ಮೊದಲು ಅಳತೆ, ಆಮೇಲೆ ಸ್ಕ್ರೂಡ್ರೈವರ್

ಅಳೆಯಲು ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇರುವ ಮೊಬೈಲ್ ಸಾಕು. ಬೆರಳು, ಬಟನ್, ಪರದೆ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಮೊಬೈಲನ್ನು ಏನಕ್ಕಾದರೂ ಆನಿಸಿ ನಿಲ್ಲಿಸಿ. ಗೊಂಬೆ ಸುಮ್ಮನೆ ನಿಂತಿರುವ ಆಟ ಹಚ್ಚಿ, ಜಿಗಿಯುವ ಬಟನ್ ಹತ್ತು ಸಲ ಒತ್ತಿ. ಹಗಲು ಬೆಳಕಿನಲ್ಲಿ ತೆಗೆದರೆ ಒಳ್ಳೆಯದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಸ್ಲೋ ಮೋಷನ್‌ನಲ್ಲಿ ಕಪ್ಪು ಪಟ್ಟಿಗಳು ಬಂದು ಎಣಿಸಲು ಆಗುವುದಿಲ್ಲ.

ವಿಡಿಯೊ ಒಂದೊಂದೇ ಫ್ರೇಮ್ ಸರಿಸುತ್ತ, ಬಟನ್ ತಳ ಮುಟ್ಟಿದ ಫ್ರೇಮ್‌ನಿಂದ ಗೊಂಬೆ ಅಲುಗಿದ ಫ್ರೇಮ್‌ವರೆಗೆ ಎಣಿಸಿ. ಒಂದೊಂದಕ್ಕೆ 4.2 ಮಿಲಿಸೆಕೆಂಡು. ಹತ್ತೂ ಸಲದ ಸರಾಸರಿ ತೆಗೆಯಿರಿ. ಒತ್ತಿದ ಗಳಿಗೆ ಆಟದ ಫ್ರೇಮ್‌ನ ಆರಂಭದಲ್ಲಿ ಬಿತ್ತೋ ಕೊನೆಯಲ್ಲಿ ಬಿತ್ತೋ ಎಂಬುದರ ಮೇಲೆಯೇ ವಿಡಿಯೊದ ನಾಲ್ಕು ಫ್ರೇಮ್ ಹೆಚ್ಚುಕಡಿಮೆ ಆಗುತ್ತದೆ, ಒಂದೇ ಸಲದ ಎಣಿಕೆ ನಂಬಬೇಡಿ. ಸರಾಸರಿ 20ರ ಒಳಗಿದ್ದರೆ ಪೈ ಮತ್ತು ಎಲ್‌ಸಿಡಿ ಪರದೆಯ ಜೋಡಿಗೆ ಚೆನ್ನಾಗಿಯೇ ಇದೆ. 30 ದಾಟಿದರೆ ಎಲ್ಲೋ ದೊಡ್ಡ ಸೋರಿಕೆ ಇದೆ.

ಎಲ್ಲಿ ಎಂದು ತಿಳಿಯಲು ವೈರ್ ಇರುವ ಯುಎಸ್‌ಬಿ ಕೀಬೋರ್ಡ್ ಒಂದನ್ನು ಪೈಗೆ ಚುಚ್ಚಿ ಅದೇ ಆಟ ಆಡಿ ನೋಡಿ. ಎರಡೇ ನಿಮಿಷದ ಕೆಲಸ, ಆದರೆ ಇಡೀ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಕೀಬೋರ್ಡಿನಲ್ಲೂ ಅಷ್ಟೇ ತಡವಾದರೆ ಬಟನ್, ವೈರು, ಬಟನ್ ಒತ್ತಿದ್ದನ್ನು ಯುಎಸ್‌ಬಿ ಮೂಲಕ ಪೈಗೆ ತಿಳಿಸುವ ಎನ್‌ಕೋಡರ್ ಬೋರ್ಡ್ ಯಾವುದನ್ನೂ ಮುಟ್ಟಬೇಡಿ. ದೋಷ ಪೈಯಲ್ಲಿದೆ ಇಲ್ಲವೇ ಟಿವಿಯಲ್ಲಿದೆ. ಕೀಬೋರ್ಡಿನಲ್ಲಿ ಚುರುಕು, ಬಟನ್‌ನಲ್ಲಿ ಮಾತ್ರ ನಿಧಾನ ಎಂದಾದರೆ ಕಂಟ್ರೋಲ್ ಪ್ಯಾನಲ್ ಬಿಚ್ಚಿ.

ಟಿವಿ

ರಿಮೋಟ್‌ನಲ್ಲಿ ಪಿಕ್ಚರ್ ಮೋಡ್‌ಗೆ ಹೋಗಿ ‘ಗೇಮ್’ ಆರಿಸಿ. ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೂ ಇದೇ ಕೆಲಸ ಆಗುತ್ತದೆ. ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಮೂರನ್ನೂ ಆಫ್ ಮಾಡಿಬಿಡಿ. ಮೋಷನ್ ಸ್ಮೂದಿಂಗ್ ಎರಡು ಚಿತ್ರಗಳ ನಡುವೆ ತಾನೇ ಒಂದು ಚಿತ್ರ ತಯಾರಿಸಿ ತೂರಿಸುತ್ತದೆ. ಅದಕ್ಕೆ ಮುಂದಿನ ಚಿತ್ರ ಬರುವವರೆಗೆ ಕಾಯಲೇಬೇಕು, ಆ ಕಾಯುವಿಕೆಯೇ ತಡ. ಗೇಮ್ ಮೋಡ್ ಇದೊಂದು ಸಲ ಒತ್ತಿದ್ದಕ್ಕೇ ಎಣಿಕೆ ಅರ್ಧಕ್ಕಿಳಿದರೆ ಆಶ್ಚರ್ಯಪಡಬೇಡಿ. ಆ ಮೋಡ್ ಇಲ್ಲದ ಟಿವಿಯಾದರೆ ಯಾರದಾದರೂ ಕಂಪ್ಯೂಟರ್ ಮಾನಿಟರ್ ಒಂದು ದಿನಕ್ಕೆ ತಂದು ಹಚ್ಚಿ, ಮತ್ತೆ ಎಣಿಸಿ. ವ್ಯತ್ಯಾಸ ಹತ್ತು ಫ್ರೇಮ್‌ಗಿಂತ ಹೆಚ್ಚಿದ್ದರೆ ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳುವುದೇ ಸರಿ. ಬಟನ್ನಿಗೆ ಹಾಕುವ ದುಡ್ಡು ಇಲ್ಲಿಗೆ ಹಾಕಿ.

ಬ್ಲೂಟೂತ್ ಸ್ಪೀಕರ್ ಹಚ್ಚಿದ್ದರೆ ಅದನ್ನೂ ತೆಗೆಯಿರಿ. ಏಟಿನ ಸದ್ದು ತಡವಾಗಿ ಕೇಳಿದರೆ ಬಟನ್ನೇ ತಡವಾಗಿದೆ ಎಂದು ಮನಸ್ಸು ನಂಬಿಬಿಡುತ್ತದೆ.

ಪೈ: ಸೆಟ್ಟಿಂಗು, ಕರೆಂಟು, ಬಿಸಿ

ಹಳೆಯ ಆಟ ಓಡಿಸಲು ರೆಟ್ರೋಆರ್ಕ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ವಿಡಿಯೊ ಮೆನುವಿನಲ್ಲಿ ‘ಥ್ರೆಡೆಡ್ ವಿಡಿಯೊ’ ಆಫ್ ಮಾಡಿ. ಪರದೆಗೆ ಹಳೆಯ ಟಿವಿಯ ಗೆರೆಗಳನ್ನು ತರುವ ಶೇಡರ್ ಹಾಕಿದ್ದರೆ ಅದಿಲ್ಲದೆ ಒಮ್ಮೆ ಅಳೆಯಿರಿ. ಲೇಟೆನ್ಸಿ ಮೆನುವಿನಲ್ಲಿ ‘ರನ್-ಅಹೆಡ್’ ಎಂಬ ಸೌಲಭ್ಯವಿದೆ. ಆಟದೊಳಗೇ ಹುಟ್ಟಿನಿಂದ ಇರುವ ತಡವನ್ನು ಇದು ಅಳಿಸುತ್ತದೆ. ಎಷ್ಟು ಫ್ರೇಮ್ ಇಡಬೇಕು ಎಂದು ಊಹಿಸಬೇಕಿಲ್ಲ. ಕೀಬೋರ್ಡಿನಲ್ಲಿ ‘ಪಿ’ ಒತ್ತಿ ಆಟ ನಿಲ್ಲಿಸಿ, ಜಿಗಿಯುವ ಬಟನ್ ಒತ್ತಿ ಹಿಡಿದುಕೊಂಡೇ ‘ಕೆ’ ಒಂದೊಂದಾಗಿ ಒತ್ತಿ. ಮೂರನೇ ‘ಕೆ’ಗೆ ಗೊಂಬೆ ಅಲುಗಿದರೆ ರನ್-ಅಹೆಡ್ 2 ಇಡಿ, ಎರಡನೆಯದಕ್ಕೆ ಅಲುಗಿದರೆ 1. ಅದಕ್ಕಿಂತ ಹೆಚ್ಚಿಟ್ಟರೆ ಜಿಗಿತದ ಮೊದಲ ಚಿತ್ರಗಳು ಹಾರಿಹೋಗಿ ಆಟ ಕುಕ್ಕಿದಂತೆ ಕಾಣುತ್ತದೆ. ಪ್ರೊಸೆಸರ್‌ಗೆ ಹೊರೆಯೂ ಹೆಚ್ಚು, ಹಳೆಯ ಪೈ ಭಾರದ ಆಟಗಳಲ್ಲಿ ಇದನ್ನು ತಾಳಿಕೊಳ್ಳುವುದಿಲ್ಲ.

ಆಟ ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಂದವಾದರೆ ಅದು ಬಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮುಚ್ಚಿದ ಪ್ಲೈವುಡ್ ಪೆಟ್ಟಿಗೆಯೊಳಗೆ ಪೈಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಪೈ 4ರ ಚಿಪ್ 80 ಡಿಗ್ರಿ ಮುಟ್ಟಿದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಪೆಟ್ಟಿಗೆಯ ಹಿಂಬದಿ ಮೇಲ್ತುದಿಯಲ್ಲಿ ಕಂಪ್ಯೂಟರ್ ಕ್ಯಾಬಿನೆಟ್‌ನ 120 ಮಿಲಿಮೀಟರ್ ಫ್ಯಾನನ್ನು ಗಾಳಿ ಹೊರಗೆ ತಳ್ಳುವಂತೆ ಕೂಡಿಸಿ, ಕೆಳತುದಿಯಲ್ಲಿ ಅಷ್ಟೇ ಅಗಲದ ತೂತು ಬಿಡಿ. ಕೆಳಗಿನ ತೂತಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ ತಿಂಗಳಿಗೊಮ್ಮೆ ಝಾಡಿಸಿ, ಇಲ್ಲವಾದರೆ ಧೂಳು ತುಂಬಿ ಫ್ಯಾನ್ ಇದ್ದೂ ಇಲ್ಲದಂತಾಗುತ್ತದೆ.

ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತಿದ್ದರೆ ಕರೆಂಟು ಸಾಲುತ್ತಿಲ್ಲ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಮೊಬೈಲ್ ಚಾರ್ಜರ್ ಮತ್ತು ತೆಳ್ಳನೆಯ ಕೇಬಲ್ ಸೇರಿದರೆ ವೋಲ್ಟೇಜ್ ಕುಸಿಯುತ್ತದೆ, ಪೈ ಮತ್ತೆ ವೇಗ ಇಳಿಸುತ್ತದೆ. ಪೆಟ್ಟಿಗೆಯ ನೆತ್ತಿಯಲ್ಲಿರುವ ಹೆಸರು ಫಲಕದ ಎಲ್‌ಇಡಿಗೆ ಪೈಯಿಂದ ಕರೆಂಟು ಎಳೆಯಬೇಡಿ, ಬೇರೆ ಸಪ್ಲೈ ಕೊಡಿ.

ಕಂಟ್ರೋಲ್ ಪ್ಯಾನಲ್ ಬಿಚ್ಚಿದಾಗ

ಮೊದಲು ಗೋಡೆಯ ಪ್ಲಗ್ ಕಿತ್ತು, ಎನ್‌ಕೋಡರ್‌ನ ಯುಎಸ್‌ಬಿಯನ್ನೂ ಬಿಡಿಸಿ. ಬಟನ್ ಕೆಳಗಿನ ಮೈಕ್ರೋಸ್ವಿಚ್ ಹತ್ತಿರದಿಂದ ನೋಡಿ. ಮೂರು ಕಾಲುಗಳಿದ್ದರೆ ಪಕ್ಕದಲ್ಲೇ ‘ಸಿಒಎಂ’ (COM, ಎರಡಕ್ಕೂ ಸಾಮಾನ್ಯ ಕಾಲು), ‘ಎನ್‌ಒ’ (NO, ಒತ್ತಿದಾಗ ಸೇರುವುದು), ‘ಎನ್‌ಸಿ’ (NC, ಬಿಟ್ಟಾಗ ಸೇರಿರುವುದು) ಎಂದು ಸಣ್ಣಗೆ ಬರೆದಿರುತ್ತದೆ. ವೈರುಗಳು ಸಿಒಎಂ ಮತ್ತು ಎನ್‌ಒ ಮೇಲೆ ಇರಬೇಕು. ತಪ್ಪಿ ಎನ್‌ಸಿಗೆ ಹಾಕಿದರೆ ಬಟನ್ ಬಿಟ್ಟಿದ್ದಾಗಲೇ ಒತ್ತಿದೆ ಎಂದು ಬೋರ್ಡ್ ತಿಳಿಯುತ್ತದೆ, ನೀವು ಬೆರಳು ಎತ್ತಿದ ಮೇಲೆ ಗೊಂಬೆ ಜಿಗಿಯುತ್ತದೆ. ಆಡುವವರಿಗೆ ಇದು ಥೇಟ್ ತಡದಂತೆಯೇ ಅನ್ನಿಸುತ್ತದೆ. ಒಂದೆರಡು ಬಟನ್ ಮಾತ್ರ ನಿಧಾನವಾಗಿದ್ದರೆ ಮೊದಲು ಇದನ್ನೇ ನೋಡಿ.

ಇನ್ನು ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಕಡ್ಡಿಗಳನ್ನು ಸಿಒಎಂ, ಎನ್‌ಒ ಮೇಲಿಟ್ಟು ಬಟನ್ನನ್ನು ಮೆಲ್ಲಗೆ ಒತ್ತಿ. ‘ಟಕ್’ ಎಂದ ಗಳಿಗೆಗೇ ಬೀಪ್ ಬರಬೇಕು, ಒತ್ತಿ ಹಿಡಿದಷ್ಟು ಹೊತ್ತೂ ಕಡಿಯದೆ ಬರಬೇಕು. ಟಕ್ ಆದರೂ ಬೀಪ್ ತಡವರಿಸಿದರೆ ಒಳಗಿನ ಸಂಪರ್ಕ ಸವೆದಿದೆ, ಸ್ವಿಚ್ ಮಾತ್ರ ಬದಲಿಸಿ, ಇಡೀ ಬಟನ್ ಬೇಡ. ಬೀಪ್ ಸರಿಯಿದ್ದು ಬಟನ್ ಮೇಲೆ ಬರಲು ತಿಣುಕುತ್ತಿದ್ದರೆ ಮಿರ್ಚಿ ಭಜಿ ತಿಂದ ಕೈಯ ಜಿಡ್ಡು, ಚಹದ ಸಕ್ಕರೆ, ಧೂಳು ಸೇರಿ ಅಂಟಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬಿಡಬೇಡಿ. ವಾರದಲ್ಲೇ ಅದಕ್ಕೆ ಇನ್ನಷ್ಟು ಧೂಳು ಅಂಟುತ್ತದೆ.

ಗ್ರೌಂಡ್ ವೈರು ಒಂದು ಬಟನ್‌ನಿಂದ ಮುಂದಿನದಕ್ಕೆ ಹಾಯುತ್ತ ಹೋಗಿದ್ದರೆ ವೈರಿನ ತುದಿಯ ಪ್ರತಿ ಲಗ್ಗನ್ನೂ (ಲೋಹದ ಕೊಂಡಿ) ಎಳೆದು ನೋಡಿ. ಸಿದ್ಧೇಶ್ವರ ಜಾತ್ರೆಗೆಂದು ಟಂಟಂನಲ್ಲಿ ಹೇರಿಕೊಂಡು ಹೋಗಿ ತಂದ ಮಷಿನ್‌ನಲ್ಲಿ ಸಡಿಲಾಗುವುದು ಇವೇ. ಮೂರನೆಯದು ಸಡಿಲಾದರೆ ಅಲ್ಲಿಂದಾಚೆಯ ಎಲ್ಲ ಬಟನ್‌ಗಳೂ ಒಮ್ಮೆ ಕೇಳುತ್ತವೆ, ಒಮ್ಮೆ ಕೇಳುವುದಿಲ್ಲ. ಸರಪಳಿಯ ಕೊನೆಯ ತುದಿಯನ್ನೂ ಬೋರ್ಡಿನ ಗ್ರೌಂಡ್‌ಗೆ ತಂದು ಸೇರಿಸಿದರೆ ನಡುವೆ ಒಂದು ಕಡೆ ಬಿಟ್ಟರೂ ಕೆಲಸ ನಿಲ್ಲುವುದಿಲ್ಲ.

ಉಳಿದದ್ದು ಎನ್‌ಕೋಡರ್. ‘ಜೀರೋ ಡಿಲೇ’ ಎಂದು ಮಾರುವ ಅಗ್ಗದ ಬೋರ್ಡ್‌ಗಳನ್ನು ಕಂಪ್ಯೂಟರ್ ಸಾಮಾನ್ಯವಾಗಿ 8 ಅಥವಾ 10 ಮಿಲಿಸೆಕೆಂಡಿಗೊಮ್ಮೆ ‘ಬಟನ್ ಒತ್ತಿದೆಯೇ’ ಎಂದು ವಿಚಾರಿಸುತ್ತದೆ. ಸರಾಸರಿ ನಷ್ಟ ಅದರ ಅರ್ಧ, ಹಾಗಾಗಿ ಟಿವಿ ಸರಿಪಡಿಸುವ ಮೊದಲು ಇದಕ್ಕೆ ಕೈ ಹಾಕುವುದು ವ್ಯರ್ಥ. ಆ ಕೊನೆಯ ಹನಿಯೂ ಬೇಕೆನ್ನುವವರು ರಾಸ್ಪ್‌ಬೆರಿ ಪೈ ಪಿಕೊ ಎಂಬ ಚಿಕ್ಕ ಬೋರ್ಡ್ ತಂದು, ಅದನ್ನೇ ಎನ್‌ಕೋಡರ್ ಆಗಿಸುವ ಜಿಪಿ2040-ಸಿಇ ಫರ್ಮ್‌ವೇರ್ ಹಾಕಬಹುದು. ಪಿಕೊದ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕಂಪ್ಯೂಟರಿಗೆ ಚುಚ್ಚಿದರೆ ಅದು ಪೆನ್‌ಡ್ರೈವ್‌ನಂತೆ ಕಾಣಿಸುತ್ತದೆ. ಯುಎಫ್2 ಫೈಲನ್ನು ಅದರೊಳಗೆ ಕಾಪಿ ಮಾಡಿ. ಪ್ರತಿ ಬಟನ್‌ನ ಒಂದು ಕಾಲಿನಿಂದ ಪಿಕೊದ ಒಂದೊಂದು ಪಿನ್‌ಗೆ, ಇನ್ನೊಂದು ಕಾಲಿನಿಂದ ಗ್ರೌಂಡ್‌ಗೆ ವೈರು ಎಳೆದು ಬೆಸುಗೆ ಹಾಕಿ. ಇದನ್ನು ಸೆಕೆಂಡಿಗೆ ಸಾವಿರ ಸಲ ವಿಚಾರಿಸಲಾಗುತ್ತದೆ.

ಒಂದೊಂದು ಬದಲಾವಣೆಯ ನಂತರವೂ ಮೊಬೈಲ್ ಹಿಡಿದು ಮತ್ತೆ ಹತ್ತು ಸಲ ಎಣಿಸಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು ಎಂದು ಗೊತ್ತಾಗುವುದಿಲ್ಲ. ಬಂದ ಸರಾಸರಿಯನ್ನು, ತಾರೀಖು ಸಮೇತ, ಪೆಟ್ಟಿಗೆಯ ಹಿಂಬಾಗಿಲಿನ ಒಳಮೈಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಮಕ್ಕಳು ‘ಮತ್ತೆ ತಡ ಆಗಾಕತ್ತೈತಿ’ ಎಂದಾಗ ಹೋಲಿಸಲು ಒಂದು ಅಂಕಿ ಕೈಯಲ್ಲಿರುತ್ತದೆ.