ಮಾಸ್ಟೊಡಾನ್ ಸರ್ವರ್ ಮುಚ್ಚಿಹೋದ ಮೇಲೆ ಗೆಳೆಯರನ್ನು ಮತ್ತೆ ಸೇರಿಸಿಕೊಂಡಿದ್ದು

ಮಾಸ್ಟೊಡಾನ್ ಅಂದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಸಾಮಾಜಿಕ ಜಾಲತಾಣ. ನನ್ನ ಖಾತೆ ಇದ್ದ ಸರ್ವರ್ ಒಂದು ಬೆಳಗ್ಗೆ ತೆರೆಯಲಿಲ್ಲ. ಆಮೇಲೂ ತೆರೆಯಲೇ ಇಲ್ಲ. ಬೇರೆ ಸರ್ವರ್‌ನಲ್ಲಿ ಖಾತೆ ಮಾಡಿ ‘ಮೂವ್’ ಮಾಡಲು, ಅಂದರೆ ಫಾಲೋವರ್‌ಗಳನ್ನು ಅಲ್ಲಿಗೆ ಸಾಗಿಸಲು ನೋಡಿದೆ, ಆಗಲಿಲ್ಲ. ಅದು ಹಳೆಯ ಸರ್ವರ್‌ನಿಂದಲೇ ಹೊರಡಬೇಕು. ಪೋಸ್ಟ್‌ಗಳ ಆರ್ಕೈವ್ ಇತ್ತು, ಆದರೆ ಅದನ್ನು ಮಾಸ್ಟೊಡಾನ್ ವಾಪಸ್ ತಗೊಳ್ಳುವುದಿಲ್ಲ.

ಕೈಹಿಡಿದದ್ದು ಇಮೇಲ್. ಯಾರೋ ಫಾಲೋ ಮಾಡಿದಾಗ ಬಂದಿದ್ದ ಮೇಲ್‌ಗಳಲ್ಲಿ ಅವರ ಮಾಸ್ಟೊಡಾನ್ ವಿಳಾಸ (ಹೆಸರು, ಸರ್ವರ್ ಹೆಸರು) ಇತ್ತು. ಸರ್ವರ್ ಹೆಸರಿಲ್ಲದೆ ಬರೀ ಹೆಸರಿದ್ದರೆ ಅವರೂ ಮುಚ್ಚಿದ ಸರ್ವರ್‌ನವರೇ. ಉಳಿದ ವಿಳಾಸಗಳನ್ನು ಸಾಲಿಗೊಂದರಂತೆ ಸಿಎಸ್‌ವಿ (ಸರಳ ಪಟ್ಟಿಯ) ಫೈಲಿಗೆ ಹಾಕಿದೆ. ಮೊದಲ ಸಾಲು ಇಂಗ್ಲಿಷಿನಲ್ಲಿ ‘ಅಕೌಂಟ್ ಅಡ್ರೆಸ್’.

ಈ ಫೈಲ್ ಅಪ್‌ಲೋಡ್ ಮಾಡಿದರೆ ಹೊಸ ಖಾತೆಯಿಂದ ಅವರನ್ನೆಲ್ಲ ಫಾಲೋ ಮಾಡಿದಂತೆ. ಅದಕ್ಕೆ ಮುಂಚೆ ಹೊಸ ಪ್ರೊಫೈಲ್‌ನಲ್ಲಿ ನಿಮ್ಮ ಹಳೆಯ ವಿಳಾಸ ಬರೆಯಿರಿ, ಅವರಿಗೆ ಗುರುತು ಸಿಗಬೇಕಲ್ವಾ? ಆಮೇಲೆ ಪ್ರಿಫರೆನ್ಸಸ್, ಇಂಪೋರ್ಟ್, ‘ಫಾಲೋಯಿಂಗ್ ಲಿಸ್ಟ್’. ‘ಮರ್ಜ್’ ಅನ್ನೇ ಆರಿಸಿ. ‘ಓವರ್‌ರೈಟ್’ ಒತ್ತಿದರೆ ಹೊಸ ಖಾತೆಯಲ್ಲಿ ಈಗಾಗಲೇ ಮಾಡಿದ ಫಾಲೋಗಳು ಹೋಗುತ್ತವೆ.