ಕಬ್ಬಿನ ಗದ್ದೆಯೊಳಗೆ ಒಂದು ಕೊಲೆ: ಹಾರರ್ ಕಿರುಚಿತ್ರಕ್ಕೆ ನಾವು ಮಾಡಿಕೊಂಡ ತಯಾರಿ

ಮಂಡ್ಯದ ಸುತ್ತ ಹಾರರ್ ತೆಗೆಯೋರಿಗೆ ಆಳೆತ್ತರದ ಕಬ್ಬಿನ ಗದ್ದೆಗಿಂತ ಒಳ್ಳೆ ಸೆಟ್ ಬೇಕಿಲ್ಲ. ನಾಲ್ಕು ಸಾಲು ಒಳಗೆ ಹೋದರೆ ದಿಕ್ಕೇ ತೋಚದು. ನಮ್ಮ ಕಥೆ ಇಷ್ಟು: ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಇಬ್ಬರು ಅಡಗಿದ್ದಾರೆ. ಒಬ್ಬನಿಗೆ ಗಾಯವಾಗಿದೆ, ನರಳಾಟ ನಿಲ್ಲುತ್ತಿಲ್ಲ. ಅವನ ಬಾಯಿ ಮುಚ್ಚಿಸದಿದ್ದರೆ ಇಬ್ಬರೂ ಹೋದಂತೆ. ಗೆಳೆಯ ಅವನನ್ನು ಕೊಲ್ಲಬಹುದೇ? ಇದು ನೋಡುವವರಿಗೆ ಚುಚ್ಚಬೇಕಾದರೆ ಕೊಲೆ ಮಜಾ ಕೊಡಬಾರದು. ರಕ್ತ ಎಷ್ಟು ಬೇಕು ಅನ್ನೋದನ್ನೂ ಇದೇ ತೀರ್ಮಾನಿಸುತ್ತದೆ.

ನಕಲಿ ರಕ್ತಕ್ಕೆ ಬೇಕಾದ್ದು: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೆಜಿ, ಬಿಸಿನೀರು 100 ಎಂಎಲ್, ಕೆಂಪು ಜೆಲ್ ಫುಡ್ ಕಲರ್ 2 ಟೀ ಚಮಚ, ನೀಲಿ 2–3 ಹನಿ, ಕೋಕೋ ಪುಡಿ 1 ಟೀ ಚಮಚ. ಕೋಕೋವನ್ನು ಮೊದಲು ಬಿಸಿನೀರಲ್ಲಿ ಕದಡಿ; ನೇರ ಹಾಕಿದರೆ ಗಂಟು ಕಟ್ಟಿ ಕೆಸರಿನಂತೆ ಕಾಣುತ್ತದೆ. ಬೆಲ್ಲದ ಪಾಕ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ ನಿಜ, ಆದರೆ ಕೆಂಪನ್ನು ಇಟ್ಟಿಗೆ ಬಣ್ಣಕ್ಕೆ ಎಳೆಯುತ್ತದೆ. ಬಟ್ಟೆಗೆ ಹಚ್ಚುವ ಪಾಲಿಗೆ ಮಾತ್ರ ಸ್ವಲ್ಪ ಲಿಕ್ವಿಡ್ ಸೋಪ್ ಬೆರೆಸಿ, ತೊಳೆಯಲು ಸುಲಭ. ಬಾಯಿಯ ರಕ್ತದ ಬಾಟಲಿ ಬೇರೆಯೇ ಇರಲಿ, ಚೀಟಿ ಅಂಟಿಸಿ. ಸೋಪ್ ಬೆರೆಸಿದರೂ ಬಟ್ಟೆಯ ಕಲೆ ಪೂರ್ತಿ ಹೋಗದು. ಹಾಗಾಗಿ ಒಂದೇ ಬಗೆಯ ಮೂರು ಅಂಗಿ ತನ್ನಿ, ರಕ್ತವಿಲ್ಲದ ಶಾಟ್‌ಗಳನ್ನೆಲ್ಲ ಮೊದಲು ಮುಗಿಸಿ.

ಸಕ್ಕರೆ ಅಂಶ ಬೇಗ ಒಣಗುವುದಿಲ್ಲ, ಹೊಳೆಯುತ್ತಲೇ ಇರುತ್ತದೆ. ಹಳೆ ರಕ್ತ ಬೇಕಿದ್ದರೆ ಬಟ್ಟೆಯ ಮೇಲೆ ಕೆಂಪು, ಕಂದು ಅಕ್ರಿಲಿಕ್ ಬಣ್ಣ ಬಳಿಯಿರಿ. ಇನ್ನೊಂದು ಕಾಟ ಇರುವೆ. ಗದ್ದೆಯಲ್ಲಿ ಹತ್ತು ನಿಮಿಷ ಸಾಕು, ಸತ್ತವನ ಪಾತ್ರದವ ಎದ್ದು ಕುಣಿಯುತ್ತಾನೆ. ತರಗಿನ ಬಣ್ಣದ ಟಾರ್ಪಾಲು ಹಾಸಿ, ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ.

ರಾತ್ರಿ ದೃಶ್ಯಕ್ಕೆ ಎಲ್ಲರೂ ನೀಲಿ ಲೈಟ್ ಹಾಕುತ್ತಾರೆ, ಆಮೇಲೆ ರಕ್ತ ಎಂಜಿನ್ ಆಯಿಲ್ ಆಯಿತು ಅಂತ ಗೋಳಾಡುತ್ತಾರೆ. ಕೆಂಪು ಬಣ್ಣ ನೀಲಿ ಬೆಳಕನ್ನು ಹೆಚ್ಚೂಕಮ್ಮಿ ನುಂಗಿಬಿಡುತ್ತದೆ. ಆ ಶಾಟ್‌ಗಳಿಗೆ ಕೋಕೋ, ನೀಲಿ ಎರಡನ್ನೂ ಬಿಟ್ಟು ತಿಳಿಗೆಂಪು ಮಾಡಿ, ಪಾತ್ರದ ಕೈಗೆ ಹಳದಿ ಬೆಳಕಿನ ಟಾರ್ಚ್ ಕೊಡಿ. ಪಂಜು ಮಾತ್ರ ಬೇಡವೇ ಬೇಡ. ಒಣ ತರಗಿಗೆ ಕಿಡಿ ಬಿದ್ದರೆ ಗದ್ದೆಯೇ ಹೋಗುತ್ತದೆ.

ನಕಲಿ ಗಾಯಕ್ಕೆ ಜಿಲೆಟಿನ್, ಗ್ಲಿಸರಿನ್, ನೀರು ತಲಾ 1 ದೊಡ್ಡ ಚಮಚ. ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಗುಳ್ಳೆ ಬರುತ್ತದೆ. ಬಿಸಿ ಎಷ್ಟಿದೆ ಅಂತ ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಂಡೇ ನಟನಿಗೆ ಹಚ್ಚಿ. ಏಪ್ರಿಲ್ ಮಧ್ಯಾಹ್ನದ ಬೆವರಿಗೆ ಅಂಚು ಏಳುವುದು ಖಾತ್ರಿ, ಗಾಯದ ಕ್ಲೋಸಪ್‌ಗಳನ್ನು ಬೆಳಗಿನ ತಂಪಿನಲ್ಲೇ ಮುಗಿಸಿ.

ಕೊಲೆಗೆ ಬಳಸುವ ಮಚ್ಚು 10 ಎಂಎಂ ದಪ್ಪದ ಇವಿಎ ಫೋಮಿನದು (ರಬ್ಬರಿನಂಥ ಮೆತ್ತನೆ ಹಾಳೆ), ಮೇಲೆ ಬೆಳ್ಳಿ ಬಣ್ಣ. ಅಸಲಿ ಮಚ್ಚು ತೋರಿಸಲೇಬೇಕಿದ್ದರೆ ಆ ಫ್ರೇಮಿನಲ್ಲಿ ಮನುಷ್ಯರು ಬೇಡ. ಗದ್ದೆ ಯಜಮಾನರಿಗೆ, ಠಾಣೆಗೆ, ಅಕ್ಕಪಕ್ಕದ ಹೊಲದವರಿಗೆ ಮುಂಚೆಯೇ ಹೇಳಿಡಿ.

ಇಷ್ಟೆಲ್ಲ ತಯಾರಿಸಿ, ಏಟು ಬೀಳುವ ಕ್ಷಣವನ್ನು ಫ್ರೇಮಿನಾಚೆ ಇಡಿ. ಕ್ಯಾಮೆರಾ ಹೊಡೆಯುವವನ ಮುಖದ ಮೇಲಿರಲಿ, ಕಟ್ ಬೇಡ, ಹಿನ್ನೆಲೆ ಸಂಗೀತ ಬೇಡ. ಗಾಯ ತೋರಿಸಿದರೆ ಜನ ಮೇಕಪ್ ನೋಡುತ್ತಾರೆ. ಮುಖ ತೋರಿಸಿದರೆ ಅವನ ಜಾಗದಲ್ಲಿ ನಿಲ್ಲುತ್ತಾರೆ. ಮಿಕ್ಕಿದ್ದು ಸದ್ದಿನ ಕೆಲಸ: ಕಬ್ಬಿನ ಜಲ್ಲೆಗೆ ಒದ್ದೆ ಗೋಣಿ ಸುತ್ತಿ ಮುರಿದರೆ ಮೂಳೆ, ಬೂದುಗುಂಬಳ ನೆಲಕ್ಕೆ ಕುಕ್ಕಿದರೆ ಮೈಗೆ ಬಿದ್ದ ಏಟು. ಜನರೇಟರ್ 50 ಮೀಟರ್ ದೂರವಿದ್ದರೂ ಅದರ ಗುಂಯ್ ಮೈಕಿಗೆ ಬರುತ್ತದೆ, ಈ ಸದ್ದುಗಳನ್ನು ಮನೆಯೊಳಗೆ ರೆಕಾರ್ಡ್ ಮಾಡಿಕೊಳ್ಳಿ.